ನೋವಿಗೆ ಪೂರ್ವಾನುಮತಿ

ಆಸ್ಪತ್ರೆಗೆ ಓಡುವವರು ಬೇರೆ, ಆಸ್ಪತ್ರೆಗೆ ಹೊರಡುವವರು ಬೇರೆ. ಓಡುವವರಿಗೆ ಎದೆ ಹಿಡಿದುಕೊಂಡಿರುತ್ತದೆ, ಇಲ್ಲವೇ ಬೈಕು ಕಾಲಿನ ಮೇಲೆ ಬಿದ್ದಿರುತ್ತದೆ. ಯಾವ ರೂಮು ಬೇಕು, ಎಷ್ಟು ಅಡ್ವಾನ್ಸ್ ಕಟ್ಟುತ್ತೀರಿ ಎಂದು ಕೇಳಿದರೆ ಉತ್ತರ ಕೊಡುವ ಸ್ಥಿತಿಯಲ್ಲಿ ಅವರಿರುವುದಿಲ್ಲ. ಪುಣ್ಯವಂತರು. ಹೊರಡುವವರ ಪಾಡು ಹಾಗಲ್ಲ. ಮಂಡಿ, ಹರ್ನಿಯಾ, ಪಿತ್ತಕೋಶದ ಕಲ್ಲು, ಕಣ್ಣಿನ ಪೊರೆ, ಹೆಸರು ಹೇಳಲು ನಾಚಿಕೆಯಾಗುವ ಮೂಲವ್ಯಾಧಿ, ಇವು ಯಾವುವೂ ಇವತ್ತೇ ಕೊಲ್ಲುವ ಕಾಯಿಲೆಗಳಲ್ಲ. ಡಾಕ್ಟರು ಕನ್ನಡಕ ತೆಗೆದಿಟ್ಟು, "ಅರ್ಜೆಂಟೇನಿಲ್ಲ, ಆದ್ರೆ ತಡ ಮಾಡಬೇಡಿ" ಅನ್ನುತ್ತಾರೆ. ಈ ಒಂದು ಮಾತಿನಲ್ಲಿ ರೋಗಿಗೆ ಸಮಾಧಾನ, ಆಸ್ಪತ್ರೆಗೆ ಬುಕಿಂಗ್ ಎರಡೂ ಒಟ್ಟಿಗೆ ಆಗಿಬಿಡುತ್ತವೆ. ಅಲ್ಲಿಂದ ಶುರು ತಯಾರಿ.

ನಮ್ಮ ಸೋದರತ್ತೆ ತುಮಕೂರಿನ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಕರಿಹಲಗೆಯ ಮುಂದೆ ನಿಂತೇ ಸವೆದ ಕಾಲುಗಳು. ಎಕ್ಸ್-ರೇ ನೋಡಿದ ಮೂಳೆ ಡಾಕ್ಟರು ಬಲ ಮಂಡಿಗೆ "ಗ್ರೇಡ್ ಫೋರ್" ಅಂದರು. ಜೀವಮಾನವಿಡೀ ಬೇರೆಯವರಿಗೆ ಗ್ರೇಡ್ ಕೊಟ್ಟ ಅತ್ತೆ ಮೊದಲ ಸಲ ತಾವೇ ಒಂದು ಪಡೆದು, "ಎಷ್ಟಕ್ಕೆ ಫೋರು?" ಎಂದು ಕೇಳಿದರು. ನಾಲ್ಕಕ್ಕೆ ನಾಲ್ಕು ಎಂದು ತಿಳಿದ ಮೇಲೆ ಆಪರೇಷನ್ನಿಗೆ ಒಪ್ಪಿಕೊಂಡರು. ಅವರ ಮಗ, ನಮ್ಮ ಭಾವ, ಡಲ್ಲಾಸಿನಲ್ಲಿದ್ದಾನೆ. ನಾಲ್ಕು ವರ್ಷದ ಕೆಳಗೆ ಅಮ್ಮನ ಹೆಸರಿಗೆ ಐದು ಲಕ್ಷದ ಆರೋಗ್ಯ ವಿಮೆ ಮಾಡಿಸಿಟ್ಟಿದ್ದ. ಬೆಂಗಳೂರಿನಲ್ಲಿ ಆಸ್ಪತ್ರೆಗಳಿಗೇನು ಬರ, ಒಂದನ್ನು ಹಿಡಿದೆವು. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದವರಿಗೆ ಅನ್ಯಾಯವಾಗುತ್ತದೆ.

ಡಾಕ್ಟರು ಎದ್ದು ಹೋದ ಮೇಲೆ ಟ್ಯಾಬ್ ಹಿಡಿದುಕೊಂಡು ಬರುವವರಿಗೆ ಕೌನ್ಸೆಲರ್ ಎಂದು ಹೆಸರು. ಮನಸ್ಸು ಕುಗ್ಗಿದವರಿಗೆ ಧೈರ್ಯ ಹೇಳುವ ಕೆಲಸಕ್ಕೆ ಈ ಹೆಸರಿತ್ತು. ಇಲ್ಲಿ ಬಿಲ್ಲು ನೋಡಿ ಕುಗ್ಗಲಿರುವವರಿಗೆ ಮುಂಗಡವಾಗಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಹುಡುಗಿ ನಗುಮುಖದವಳು. "ಕ್ಯಾಶಾ ಆಂಟಿ, ಇನ್ಶೂರೆನ್ಸಾ?" ಎನ್ನುವುದು ಮೊದಲ ಪ್ರಶ್ನೆ. ಮಂಡಿ ಎಡವೋ ಬಲವೋ ಎನ್ನುವುದು ನಾಲ್ಕನೆಯದ್ದೋ ಐದನೆಯದ್ದೋ ಇರಬೇಕು.

ಆಮೇಲೆ ಆ ಹುಡುಗಿ ರೂಮುಗಳನ್ನು ತೋರಿಸಿದಳು. ಜನರಲ್ ವಾರ್ಡು, ಇಬ್ಬರು ಹಂಚಿಕೊಳ್ಳುವುದು, ಪ್ರೈವೇಟು, ಡಿಲಕ್ಸು, ಸೂಟು. ಇಲ್ಲಿಯವರೆಗೆ ಸರಿ, ಲಾಡ್ಜಿನಲ್ಲೂ ಹೀಗೇ ಇರುತ್ತದೆ. ಆದರೆ ಟ್ಯಾಬಿನಲ್ಲಿ ರೂಮಿನ ಮೇಲೆ ಬೆರಳಿಟ್ಟರೆ ಕೆಳಗೆ ಸರ್ಜನ್ ಫೀಸೂ ಬದಲಾಗುತ್ತಿತ್ತು. ಅರಿವಳಿಕೆ ಡಾಕ್ಟರ ಫೀಸು, ಥಿಯೇಟರ್ ಚಾರ್ಜು, ಕಡೆಗೆ ವಾರ್ಡಿಗೆ ಬಂದು ಹೇಗಿದ್ದೀರಿ ಎಂದು ಕೇಳಿ ಹೋಗುವ ಡಾಕ್ಟರ ಚಾರ್ಜು, ಎಲ್ಲವೂ ರೂಮಿನ ಹಿಂದೆ ಹಿಂದೆಯೇ ಮೆಟ್ಟಿಲು ಹತ್ತುತ್ತಿದ್ದವು. ಅತ್ತೆ ಕನ್ನಡಕ ಸರಿ ಮಾಡಿಕೊಂಡು ಟ್ಯಾಬನ್ನು ತಾವೇ ತೆಗೆದುಕೊಂಡರು.

"ಅದೇ ಡಾಕ್ಟರೇ ತಾನೆ?"

"ಹೌದು ಆಂಟಿ, ಸೇಮ್ ಡಾಕ್ಟರ್."

"ಅದೇ ಥಿಯೇಟ್ರು?"

"ಸೇಮ್ ಥಿಯೇಟರ್."

"ಮಂಡಿ ಹೇಗೂ ನಂದೇ. ಮತ್ತೆ ರೇಟು ಯಾಕಮ್ಮ ಬೇರೆ?"

"ಸಿಸ್ಟಮ್ಮಲ್ಲಿ ಹಾಗೇ ಇದೆ ಆಂಟಿ."

"ಆಪರೇಷನ್ ಮಾಡೋ ಎರಡು ಗಂಟೆ ನಾನು ಯಾವ ರೂಮಲ್ಲೂ ಇರಲ್ವಲ್ಲ. ಆ ಎರಡು ಗಂಟೆಗೆ ಯಾವ ರೂಮಿನ ರೇಟು ಹಾಕ್ತೀರಿ?"

ಹುಡುಗಿ ಮ್ಯಾನೇಜರನ್ನು ಕೇಳಿಕೊಂಡು ಬರುತ್ತೇನೆಂದು ಹೋದಳು. ಮ್ಯಾನೇಜರು ಬಂದರು, ಕಾಫಿ ಬಂತು, ಉತ್ತರ ಬರಲಿಲ್ಲ.

ಈ ಪದ್ಧತಿಗೆ ಒಂದು ಸಮರ್ಥನೆ ಇದೆ. ಉಳ್ಳವರಿಂದ ಹೆಚ್ಚು ತೆಗೆದುಕೊಂಡು ಇಲ್ಲದವರಿಗೆ ಕಡಿಮೆ ಮಾಡುತ್ತೇವೆ, ಹಾಗಾಗಿ ಜನರಲ್ ವಾರ್ಡಿನವರಿಗೂ ದೊಡ್ಡ ಡಾಕ್ಟರು ಸಿಗುತ್ತಾರೆ ಎನ್ನುತ್ತಾರೆ. ಒಪ್ಪೋಣ, ಧರ್ಮದ ಮಾತು. ಆದರೆ ಉಳ್ಳವರು ಯಾರು ಎಂದು ಗುರುತಿಸುವ ಕ್ರಮ ಮಾತ್ರ ಸ್ವಲ್ಪ ವಿಚಿತ್ರ: ಅಡ್ಮಿಟ್ ಆಗುವ ದಿನ ಬೆಳಿಗ್ಗೆ "ಜನರಲ್ ವಾರ್ಡ್ ಫುಲ್ ಇದೆ ಸರ್, ಪ್ರೈವೇಟ್ ಒಂದೇ ಖಾಲಿ" ಎಂದು ಫೋನು ಬರುತ್ತದೆ. ಆ ಕ್ಷಣದಿಂದ ನೀವು ಉಳ್ಳವರು.

ಉಳ್ಳವರಾದದ್ದರ ಫಲ ವಿಮೆಯ ಕಡೆಯಿಂದ ಸಿಗುತ್ತದೆ. ಬಹಳ ಪಾಲಿಸಿಗಳಲ್ಲಿ ರೂಮ್ ಬಾಡಿಗೆಗೆ ದಿನಕ್ಕೆ ವಿಮೆ ಮೊತ್ತದ ಶೇ. 1ರಷ್ಟು ಎಂದು ಮಿತಿ ಹಾಕಿರುತ್ತಾರೆ. ಐದು ಲಕ್ಷದ ಪಾಲಿಸಿಗೆ 5,000 ರೂಪಾಯಿ. ನೀವು 10,000ದ ರೂಮಿನಲ್ಲಿ ಮಲಗಿದಿರಿ ಎನ್ನಿ. ಮೇಲಿನ ಐದು ಸಾವಿರ ಕೈಯಿಂದ ಕೊಟ್ಟರಾಯಿತು ಎಂದುಕೊಳ್ಳುವುದು ಮನುಷ್ಯ ಸಹಜ. ವಿಮೆ ಮನುಷ್ಯ ಸಹಜವಲ್ಲ. ಅರ್ಹತೆಯ ಎರಡರಷ್ಟು ಬಾಡಿಗೆಯ ರೂಮು ಹಿಡಿದವರಿಗೆ ಸರ್ಜನ್, ಅರಿವಳಿಕೆ, ಥಿಯೇಟರ್, ನರ್ಸಿಂಗ್ ಎಲ್ಲದರಲ್ಲೂ ಅರ್ಧವನ್ನೇ ಕೊಡುತ್ತಾರೆ. ಆ ಬಾಬ್ತು ಎರಡು ಲಕ್ಷವಾದರೆ ಒಂದು ಲಕ್ಷ ನಿಮ್ಮದು. ಮೂರು ರಾತ್ರಿಗೆ 15,000 ಹೆಚ್ಚು ಬೀಳಬಹುದು ಎಂದು ಲೆಕ್ಕ ಹಾಕಿದವರ ಕೈಗೆ 1,15,000ದ ಚೀಟಿ ಬರುತ್ತದೆ. ಔಷಧಿ, ಇಂಪ್ಲಾಂಟು, ಪರೀಕ್ಷೆಗಳಿಗೆ ಈ ಕತ್ತರಿ ಹಾಕಕೂಡದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲಿ ಹೇಳಿತು. ರೂಮು ನೋಡಿ ದರ ಬದಲಿಸದ ಆಸ್ಪತ್ರೆಯಲ್ಲಿ ಕತ್ತರಿಯನ್ನೇ ಹಾಕುವಂತಿಲ್ಲ ಎಂದೂ ಸೇರಿಸಿತು. "ಅಂಥ ಆಸ್ಪತ್ರೆ ಯಾವುದಿದೆ?" ಎಂದು ಅತ್ತೆ ಕೌನ್ಸೆಲರ್ ಹುಡುಗಿಯನ್ನೇ ಕೇಳಿದರು. ಅವಳು ನಕ್ಕಳು. ಮೊದಲೇ ಹೇಳಿದೆನಲ್ಲ, ನಗುಮುಖದವಳು.

ದಿನಕ್ಕೆ 5,000ದ ಗೆರೆಯನ್ನು ದಾಟಿದವರ ಕೈಕುಲುಕಲು ಸರ್ಕಾರವೂ ಬಾಗಿಲಲ್ಲಿ ನಿಂತಿದೆ. ಐಸಿಯು ಬಿಟ್ಟು ಉಳಿದ ರೂಮುಗಳಿಗೆ ದಿನದ ಬಾಡಿಗೆ 5,000 ದಾಟಿದರೆ ಶೇ. 5 ಜಿಎಸ್‌ಟಿ ಎಂದು 2022ರ ಜುಲೈ 18ರಿಂದ ಜಾರಿಗೆ ತಂದರು. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗತ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿದ್ದ ಶೇ. 18 ತೆರಿಗೆಯನ್ನು ತೆಗೆದುಹಾಕಿದ್ದೂ ಅವರೇ. ಭಾವ ಆ ಸುದ್ದಿ ಕೇಳಿ ಡಲ್ಲಾಸಿನಿಂದ ಹೆಬ್ಬೆರಳು ಕಳಿಸಿದ್ದ.

ದರದ ವಿಷಯದಲ್ಲಿ ಸರ್ಕಾರ ಏನೂ ಮಾಡಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ 2007ರಿಂದಲೂ ಇದೆ. ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕಬೇಕು ಎಂದು ಅದು ಹೇಳುತ್ತದೆ. 2017ರಲ್ಲಿ ರಮೇಶ್ ಕುಮಾರ್ ಆರೋಗ್ಯ ಸಚಿವರಾಗಿದ್ದಾಗ ಅದಕ್ಕೆ ಹಲ್ಲು ಕಟ್ಟಿಸಲು ಹೊರಟರು. ಚಿಕಿತ್ಸೆಯ ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ ಎಂಬ ಮಾತು ಬಂತು. ನವೆಂಬರಿನಲ್ಲಿ ಬೆಳಗಾವಿ ಅಧಿವೇಶನದ ಹೊತ್ತಿಗೆ ರಾಜ್ಯದ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಬಾಗಿಲು ಹಾಕಿಕೊಂಡವು. ಕಡೆಗೆ ಪಾಸಾದ ತಿದ್ದುಪಡಿಯಲ್ಲಿ ದರ ಗೊತ್ತುಮಾಡುವ ಅಧಿಕಾರ ಸರ್ಕಾರಿ ಯೋಜನೆಗಳ ಅಡಿ ನಡೆಯುವ ಚಿಕಿತ್ಸೆಗಷ್ಟೇ ಉಳಿಯಿತು. ಮಿಕ್ಕವರಿಗೆ ದರಪಟ್ಟಿ ಇದೆ, ನೋಡಬಹುದು. ನಮ್ಮ ಆಸ್ಪತ್ರೆಯಲ್ಲಿ ಅದು ಲಿಫ್ಟಿನ ಹಿಂದಿನ ಗೋಡೆಯ ಮೇಲಿತ್ತು. ಮಂಡಿ ನೋವಿನವರು ಅಲ್ಲಿಗೆ ನಡೆದು ಹೋಗುವುದು ಕಷ್ಟ.

ರೂಮು ಮುಗಿದ ಮೇಲೆ ಮಂಡಿ. ಸೀರೆ ಅಂಗಡಿಯವನು ಒಂದಾದ ಮೇಲೊಂದು ಬಿಚ್ಚಿ ಹಾಕುವ ಹಾಗೆ ಕೀಲುಗಳನ್ನು ತೋರಿಸುತ್ತಾರೆ. ದೇಸಿಯದು, ಆಮದಿನದು, ಹೆಚ್ಚು ಮಡಚುವಂಥದ್ದು, ಚಿನ್ನದ ಬಣ್ಣದ ಲೇಪನದ್ದು. "ಇದು ಗೋಲ್ಡ್ ಆಂಟಿ, ತುಂಬಾ ಜನ ಇದನ್ನೇ ಕೇಳ್ತಾರೆ." "ಒಳಗೆ ಹೊಲಿದುಬಿಟ್ಟ ಮೇಲೆ ಬಣ್ಣ ಯಾರಿಗಮ್ಮ ಕಾಣುತ್ತೆ?" 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಂಡಿ ಕೀಲಿಗೆ ಮಿತಿ ಹಾಕಿ, ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಕೀಲನ್ನು ಸುಮಾರು 1.58 ಲಕ್ಷದಿಂದ 54,720 ರೂಪಾಯಿಗೆ ಇಳಿಸಿತು. ದೊಡ್ಡ ಕೆಲಸ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಆದರೆ ಪ್ರಾಧಿಕಾರ ಬೆಲೆ ಕಟ್ಟಿದ್ದು ಕೀಲಿಗೆ, ಅದನ್ನು ಕೂರಿಸುವ ಕೈಗಲ್ಲ. ಈಗ ಆ ಕೈಗೆ ನೆರವಾಗಲು ರೋಬೋಟ್ ಬಂದಿದೆ, ಅದರ ಚಾರ್ಜು ಬೇರೆ, ಪಾಲಿಸಿಯಲ್ಲಿ ಅದಕ್ಕೆ ಬೇರೆಯೇ ಮಿತಿ ಇರುವುದೂ ಉಂಟು. ರೋಬೋಟ್ ಯಾವ ರೂಮಿನಲ್ಲಿ ಇರುತ್ತದೆ ಎಂದು ಅತ್ತೆ ಕೇಳಬಹುದಿತ್ತು. ಕೇಳಲಿಲ್ಲ, ಹುಡುಗಿಯ ಮೇಲೆ ಕರುಣೆ ಬಂದಿತ್ತು.

ಪರೀಕ್ಷೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಕ್ತ, ಮೂತ್ರ, ಇಸಿಜಿ, ಎಕೋ, ಎದೆಯ ಎಕ್ಸ್-ರೇ, ಹೃದಯದ ಡಾಕ್ಟರಿಂದ ಒಪ್ಪಿಗೆ. ಮಂಡಿ ಆಪರೇಷನ್ನಿಗೆ ಹಲ್ಲಿನ ಡಾಕ್ಟರಿಂದಲೂ ಒಪ್ಪಿಗೆ ಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಾನು ನಗಾಡಿದೆ. ಆದರೆ ಅದರಲ್ಲಿ ಅರ್ಥವಿದೆ: ಹಲ್ಲಿನಲ್ಲಿ ಸೋಂಕಿದ್ದರೆ ಅದು ರಕ್ತದಲ್ಲಿ ಹೋಗಿ ಹೊಸ ಕೀಲಿನಲ್ಲಿ ಬಿಡಾರ ಹೂಡಬಹುದು. ಇಡೀ ತಯಾರಿಯಲ್ಲಿ ಅತ್ತೆಯ ಮೈಯನ್ನೇ ಕುರಿತು ಯೋಚಿಸಿದ ಕೆಲವೇ ಘಟ್ಟಗಳಲ್ಲಿ ಇದೂ ಒಂದು, ಅದನ್ನೇ ನಾವು ಲೂಟಿ ಎಂದುಕೊಂಡೆವು.

ನಿಜವಾದ ಅಪಾಯ ಇರುವುದು ಹಿಸ್ಟರಿಯಲ್ಲಿ. ಕುತ್ತಿಗೆಗೆ ಸ್ಟೆತಸ್ಕೋಪು ಹಾಕಿಕೊಂಡ ಎಳೆ ಡಾಕ್ಟರು ಬಂದು ಮಂಚದ ಪಕ್ಕ ನಿಂತು, ಅಕ್ಕರೆಯಿಂದಲೇ, "ಎಷ್ಟು ದಿನದಿಂದ ನೋವಿದೆ ಅಮ್ಮಾ?" ಎಂದು ಕೇಳುತ್ತಾನೆ. ಆಸ್ಪತ್ರೆಗೆ ಹೊರಡುವವರು ಬೇರೆ ಏನನ್ನು ಮರೆತರೂ ಪರವಾಗಿಲ್ಲ, ಈ ಪ್ರಶ್ನೆಗೆ ಉತ್ತರವನ್ನು ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಬರಬೇಕು. ಅತ್ತೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪ್ರೀತಿಯಿಂದ ಕೇಳಿದ ಹುಡುಗನಿಗೆ ಪ್ರೀತಿಯಿಂದಲೇ ಹೇಳಿದರು: "ನಮ್ಮ ದೊಡ್ಡವನ ನಾಮಕರಣದಲ್ಲಿ ಮಣೆ ಮೇಲಿಂದ ಏಳೋವಾಗ ಒಂದ್ಸಲ ಚಳಕ್ ಅಂತು ನೋಡಪ್ಪ." ಮಗನಿಗೆ ಈಗೆಷ್ಟು ಎಂದು ಅವನು ಕೇಳಿದ. 41 ಅಂದರು. ಫೈಲಿನಲ್ಲಿ ಬರೆದುಕೊಂಡ: ಮಂಡಿ ನೋವು, 41 ವರ್ಷಗಳಿಂದ.

ಕ್ಯಾಶ್‌ಲೆಸ್ ಕೋರಿಕೆಯ ಮೇಲೆ ಒಂದು ಗಂಟೆಯೊಳಗೆ ತೀರ್ಮಾನ ಕೊಡಬೇಕು ಎಂದು ವಿಮಾ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಸುತ್ತೋಲೆ ಹೊರಡಿಸಿದೆ. ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರು. ಒಂದು ಗಂಟೆ ಆಗುವ ಮುಂಚೆಯೇ ಒಂದು ಪ್ರಶ್ನೆ ಬಂತು. ಪಾಲಿಸಿಗೆ ನಾಲ್ಕು ವರ್ಷ, ನೋವಿಗೆ 41. ಮಿಕ್ಕ 37 ವರ್ಷದ ನೋವನ್ನು ಅರ್ಜಿಯಲ್ಲಿ ಮುಚ್ಚಿಟ್ಟದ್ದು ಯಾಕೆ?

ಇಲ್ಲಿ ಸ್ವಲ್ಪ ಶಾಸ್ತ್ರ ಗೊತ್ತಿರಬೇಕು. ಪಾಲಿಸಿಗೆ ಮುಂಚಿನಿಂದ ಇದ್ದ ಕಾಯಿಲೆಗೂ ಮಂಡಿ ಸವೆತದಂಥ ಪಟ್ಟಿ ಮಾಡಿದ ಕಾಯಿಲೆಗಳಿಗೂ ಕಾಯುವ ಅವಧಿ ಅಂತ ಇರುತ್ತದೆ. 2024ರಲ್ಲಿ ಅದರ ಗರಿಷ್ಠ ಮಿತಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿದರು. ಅಂದರೆ ಮಂಡಿ ನೋಯಲು ಮನಸ್ಸು ಮಾಡಿದವರು ಮೂರು ವರ್ಷ ಮುಂಚೆಯೇ ವಿಮಾ ಏಜೆಂಟರಿಗೆ ಸೂಚನೆ ಕೊಟ್ಟಿರಬೇಕು. ಪಾಲಿಸಿ 60 ತಿಂಗಳು ಬಿಡದೆ ನಡೆದಿದ್ದರೆ, ವಂಚನೆ ಸಾಬೀತಾಗದ ಹೊರತು, ನೀವು ಅದನ್ನು ಹೇಳಲಿಲ್ಲ ಇದನ್ನು ಮುಚ್ಚಿಟ್ಟಿರಿ ಎಂದು ತಕರಾರು ತೆಗೆಯುವಂತಿಲ್ಲ. ಅತ್ತೆಯ ಪಾಲಿಸಿಗೆ ನಾಲ್ಕೇ ವರ್ಷ. ಮಂಡಿ ಇನ್ನೊಂದು ವರ್ಷ ತಡೆದುಕೊಂಡಿದ್ದರೆ ಯಾರೂ ಮಾತಾಡುವಂತಿರಲಿಲ್ಲ. ಅವಸರಪಟ್ಟಿತು.

ಸರ್ಜನ್ನೇ ಒಂದು ಪತ್ರ ಬರೆದುಕೊಟ್ಟು ನಮ್ಮನ್ನು ಉಳಿಸಿದರು. 41 ವರ್ಷದ ಹಿಂದೆ ಒಂದು ದಿನ ಆದ ಚಳುಕಿಗೂ ಈಗಿನ ಸವೆತಕ್ಕೂ ಸಂಬಂಧವಿಲ್ಲ, ಈಗಿನದು ವಯಸ್ಸಿನಿಂದ ಬಂದದ್ದು ಎಂದು ಸಹಿ ಹಾಕಿ ಮೊಹರು ಒತ್ತಿದರು. ನಾಮಕರಣವೂ ಅದರಲ್ಲಿ ಉಲ್ಲೇಖವಾಯಿತು. ಡಲ್ಲಾಸಿನ ಭಾವನ ಹೆಸರಿಟ್ಟ ದಿನಕ್ಕೆ ಇಷ್ಟು ವರ್ಷದ ಮೇಲೆ ವೈದ್ಯಕೀಯ ದಾಖಲೆ ಸಿಕ್ಕಿತು. ಸರ್ಟಿಫಿಕೇಟಿನ ಶುಲ್ಕ ಮಾತ್ರ ವಿಮೆಗೆ ಸೇರುವುದಿಲ್ಲ.

ಸೇರದ ವಸ್ತುಗಳ ಒಂದು ಪಟ್ಟಿಯೇ ಇದೆ. ಯಾರಾದರೂ ಕನ್ನಡದಲ್ಲಿ ಅದನ್ನು ಪುಸ್ತಕ ಮಾಡಬೇಕು, ನಾನು ಮುನ್ನುಡಿ ಬರೆಯುತ್ತೇನೆ. ಒಂದನೇ ಪಟ್ಟಿಯಲ್ಲಿ 68 ಬಾಬ್ತುಗಳು. ಅದರಲ್ಲಿ ಮಗುವಿನ ಆಹಾರ ಇದೆ, ಸೌಂದರ್ಯ ಸೇವೆ ಇದೆ, ಮಿನರಲ್ ವಾಟರ್, ಕ್ಯಾರಿಬ್ಯಾಗ್, ಜೆರಾಕ್ಸು, ಕೊರಿಯರ್, ಥರ್ಮಾಮೀಟರ್, ಕ್ರೇಪ್ ಬ್ಯಾಂಡೇಜು, ಡಯಾಪರ್ ಇದೆ. ಆಸ್ಪತ್ರೆಗೂ ಥರ್ಮಾಮೀಟರಿಗೂ ಏನು ಸಂಬಂಧ ಎಂದು ಪಟ್ಟಿ ಮಾಡಿದವರು ಯೋಚಿಸಿರಬೇಕು. ಮಂಡಿಗೆ ಕಟ್ಟುವ ಪಟ್ಟಿಯೂ ಇದೆ, ನಡೆಯಲು ಹಿಡಿಯುವ ವಾಕರು, ಊರುಗೋಲೂ ಇವೆ. ಅಂದರೆ ಹೊಸ ಮಂಡಿ ಹಾಕಿಸಿಕೊಳ್ಳಲು ದುಡ್ಡು ಕೊಡುತ್ತಾರೆ, ಅದರಿಂದ ನಡೆಯುವುದಕ್ಕೆ ಕೊಡುವುದಿಲ್ಲ. ಶವಾಗಾರದ ಬಾಡಿಗೆಯೂ ಅದೇ ಪಟ್ಟಿಯಲ್ಲಿದೆ, ಯಾವ ಕಡೆಯಿಂದ ಹೊರಗೆ ಹೋದರೂ ಖರ್ಚು ನಮ್ಮದೇ.

ಎರಡನೇ ಪಟ್ಟಿ ಇನ್ನೂ ಸೊಗಸು. ರೂಮಿನ ಬಾಡಿಗೆಯಲ್ಲೇ ಸೇರಿಹೋಗಬೇಕಾದ, ಬೇರೆ ದುಡ್ಡು ವಸೂಲು ಮಾಡಬಾರದ ಬಾಬ್ತುಗಳು: ಬಾಚಣಿಗೆ, ಟೂತ್‌ಪೇಸ್ಟು, ಚಪ್ಪಲಿ, ಟಿಶ್ಯೂ ಪೇಪರ್, ಫೈಲು ತೆರೆಯುವ ಶುಲ್ಕ, ಕೈಗೆ ಕಟ್ಟುವ ಹೆಸರಿನ ಪಟ್ಟಿ, ಯೂ ಡಿ ಕೊಲೋನ್. ಕೊನೆಯದನ್ನು ಓದಿ ಅತ್ತೆ ಎರಡು ದಿನ ಕಾದರು. ಮೂರನೆಯ ದಿನ ನರ್ಸನ್ನು ಕರೆದು, "ಸೆಂಟು ಬರಲಿಲ್ಲವಲ್ಲಮ್ಮ, ರೂಮ್ ಬಾಡಿಗೆಯಲ್ಲಿ ಸೇರಿದೆ" ಎಂದರು. ನರ್ಸು ಬಿಪಿ ನೋಡಿಕೊಂಡು ಹೋದಳು.

ಈ ಪಟ್ಟಿಯನ್ನು ನೋಡಿಕೊಂಡೇ ಚೀಲ ತುಂಬಿದ್ದೆವು. ಶಾಲು, ಫ್ಲಾಸ್ಕು, ಸ್ಟೀಲ್ ಲೋಟ, ಚಮಚ, ಬಾಚಣಿಗೆ, ಎಕ್ಸ್‌ಟೆನ್ಷನ್ ಬಾಕ್ಸು. ಎಷ್ಟೇ ದುಬಾರಿ ರೂಮಾದರೂ ಪ್ಲಗ್ ಪಾಯಿಂಟು ಮಂಚದಿಂದ ಒಂದು ಗಜ ದೂರದಲ್ಲೇ ಇರುತ್ತದೆ. ಆಧಾರ್, ಪ್ಯಾನ್, ಪಾಲಿಸಿ, ಹಳೆಯ ಚೀಟಿಗಳು, ಎಲ್ಲದಕ್ಕೂ ಮೂರು ಮೂರು ಜೆರಾಕ್ಸು. ಗೇಟಿನಲ್ಲಿ ಸೆಕ್ಯುರಿಟಿಯವರು ಚೀಲ ತಡಕುತ್ತಾರೆ. ಅವರು ಹುಡುಕುವುದು ಬಾಂಬನ್ನಲ್ಲ, ಮೊಸರನ್ನವನ್ನು. ಹೊರಗಿನ ಊಟಕ್ಕೆ ಪ್ರವೇಶವಿಲ್ಲ, ಕ್ಯಾಂಟೀನಿನ ಕಾಫಿ ಒಳಗೆ ಕಾಯುತ್ತಿದೆ. ಅತ್ತಿಗೆ ಶಾಲಿನ ಮಡಿಕೆಯೊಳಗೆ ಉಪ್ಪಿನಕಾಯಿ ಬಾಟಲಿ ಸುತ್ತಿ ದಾಟಿಸಿದರು. ನಮ್ಮ ಇಡೀ ಸಿದ್ಧತೆಯಲ್ಲಿ ಎಲ್ಲೂ ಪ್ರಶ್ನೆ ಏಳದೆ ಮಂಜೂರಾದದ್ದು ಅದೊಂದೇ.

ಮುಹೂರ್ತದ ಗಲಾಟೆಯೂ ಇತ್ತು. ಆಷಾಢ ಕಳೆಯಲಿ ಅಂದರು, ಅಮಾವಾಸ್ಯೆ ಬೇಡ ಅಂದರು. ಸರ್ಜನ್ನರಿಗೆ ಮಂಗಳವಾರ, ಶುಕ್ರವಾರ ಮಾತ್ರ ಥಿಯೇಟರ್ ಸಿಗುವುದೆಂದು ತಿಳಿದ ಮೇಲೆ ಪಂಚಾಂಗ ತೆಪ್ಪಗಾಯಿತು. ಚಿಕ್ಕಪ್ಪ ಮಾತ್ರ ನಗದು ಕೊಟ್ಟರೆ ಡಿಸ್ಕೌಂಟ್ ಸಿಗುತ್ತದೆ ಎಂದು ಪಟ್ಟು ಹಿಡಿದರು. ಎರಡು ಲಕ್ಷ ಮತ್ತು ಮೇಲ್ಪಟ್ಟು ನಗದು ತೆಗೆದುಕೊಳ್ಳುವುದನ್ನು 2017ರ ಏಪ್ರಿಲ್‌ನಿಂದಲೇ ಆದಾಯ ತೆರಿಗೆ ಕಾಯಿದೆ ತಡೆದಿದೆ ಎಂದು ಅತ್ತೆ ಹೇಳಿದ ಮೇಲೆ, "ನಿನಗೆ ಎಲ್ಲಾ ಗೊತ್ತು, ಮತ್ತೆ ಮಂಡಿ ಯಾಕೆ ಕೆಡಿಸಿಕೊಂಡೆ" ಎಂದು ಸಿಟ್ಟಾದರು.

ಔಷಧಿಯ ವಿಷಯಕ್ಕೆ ಬಂದರೆ, ರೋಗಿಯ ಕಡೆಯವರು ಅದನ್ನು ಕೊಳ್ಳುವುದಿಲ್ಲ, ಅದು ತಾನಾಗಿಯೇ ಬರುತ್ತದೆ. ಒಳಗಿನ ಫಾರ್ಮಸಿಯಿಂದ ಡಬ್ಬಿ ಡಬ್ಬಿಯಾಗಿ ಮೇಲಕ್ಕೆ ಹೋಗಿ, ಉಳಿದದ್ದು ಕೆಳಕ್ಕೆ ಬಂದು, ಅದಕ್ಕೆ ರಿಟರ್ನ್ ಎಂಬ ಇನ್ನೊಂದು ಬಿಲ್ಲಾಗುತ್ತದೆ. 2018ರ ಫೆಬ್ರುವರಿಯಲ್ಲಿ ಅದೇ ಬೆಲೆ ಪ್ರಾಧಿಕಾರ ದೆಹಲಿ ಸುತ್ತಮುತ್ತಲ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಬಿಡಿಸಿ ನೋಡಿತು. ಕೆಲವು ಬಾಬ್ತುಗಳ ಮೇಲಿನ ಲಾಭ ಶೇ. 1,737ರವರೆಗೆ ಮುಟ್ಟಿತ್ತು. ಆಸ್ಪತ್ರೆಗಳು ತಮ್ಮ ಫಾರ್ಮಸಿಯಲ್ಲೇ ಕೊಳ್ಳಬೇಕೆಂದು ರೋಗಿಗಳನ್ನು ಕಟ್ಟಿಹಾಕುವುದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಿಗೆ 2025ರ ಮಾರ್ಚಿನಲ್ಲಿ ಉತ್ತರ ಸಿಕ್ಕಿತು: ಇದು ನೀತಿಯ ವಿಷಯ, ರಾಜ್ಯ ಸರ್ಕಾರಗಳು ಯೋಚಿಸಲಿ. ರಾಜ್ಯಗಳು ಯೋಚಿಸುತ್ತಿರಬೇಕು. ಯೋಚನೆಗೂ ಕಾಯುವ ಅವಧಿ ಇರುತ್ತದೆ.

ಆಪರೇಷನ್ನಿನ ಹಿಂದಿನ ರಾತ್ರಿ ಒಂಬತ್ತರ ಮೇಲೆ ಒಪ್ಪಿಗೆ ಪತ್ರ ಬಂತು, ಸಹಿ ಮಾಡುವ ಜಾಗಗಳಲ್ಲಿ ಆಗಲೇ ಪೆನ್ಸಿಲ್ ಗುರುತು ಹಾಕಿಕೊಂಡು. ತಿಳಿವಳಿಕೆ ಇಲ್ಲದೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು 2008ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅತ್ತೆ ಉತ್ತರಪತ್ರಿಕೆ ತಿದ್ದುವವರ ಹಾಗೆ ಮೊದಲಿನಿಂದ ಓದಲು ಕುಳಿತರು. ನರ್ಸು ಕಾಲು ಬದಲಾಯಿಸುತ್ತ ನಿಂತಳು. ರಕ್ತಸ್ರಾವ, ಸೋಂಕು, ರಕ್ತ ಹೆಪ್ಪುಗಟ್ಟುವುದು, ಪ್ರಾಣಾಪಾಯ, ಎಲ್ಲಕ್ಕೂ ತಾವೇ ಹೊಣೆ ಎಂದು ಅರ್ಥ ಮಾಡಿಕೊಂಡ ಮೇಲೆ ಒಂದೇ ಅನುಮಾನ ಉಳಿದಿತ್ತು. "ಸರಿಯಾದರೆ ಅದಕ್ಕೆ ಯಾರು ಹೊಣೆ? ಅದು ಬರೆದಿಲ್ಲವಲ್ಲ."

ಆಪರೇಷನ್ ಚೆನ್ನಾಗಿ ಆಯಿತು. ಅದರ ಬಗ್ಗೆ ಬರೆಯಲು ಏನೂ ಇಲ್ಲ. ಇಡೀ ಪ್ರಕರಣದಲ್ಲಿ ಹೇಳಿದ ಹೊತ್ತಿಗೆ ಶುರುವಾಗಿ ಹೇಳಿದ ಹೊತ್ತಿಗೆ ಮುಗಿದದ್ದು ಅದೊಂದೇ. ಮರುದಿನವೇ ಅತ್ತೆಯನ್ನು ಎಬ್ಬಿಸಿ, ವಿಮೆಗೆ ಸೇರದ ವಾಕರು ಹಿಡಿಸಿ ನಡೆಸಿದರು. ಸರ್ಜನ್ನರ ಕೈಗುಣವನ್ನು ಅತ್ತೆ ಈಗಲೂ ಹೊಗಳುತ್ತಾರೆ.

ಡಿಸ್ಚಾರ್ಜಿಗೆ ಬೇರೆಯೇ ತಯಾರಿ ಬೇಕು. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಮನೆಗೆ ಹೋಗಬಹುದು ಅಂದ ತಕ್ಷಣ ಸೀರೆ ಬದಲಾಯಿಸಿ, ಕ್ಯಾಬ್ ಕರೆದು, ಮನೆಯಲ್ಲಿ ಅಕ್ಕಿ ತೊಳೆದಿಡಲು ಹೇಳುವವರು ಹೊಸಬರು. ಡಾಕ್ಟರು ಬಿಟ್ಟರೂ ಬಿಲ್ಲಿಂಗ್ ಬಿಡಬೇಕಲ್ಲ. ಸಮ್ಮರಿ ಟೈಪಾಗಬೇಕು, ಫಾರ್ಮಸಿಯವರು ಸೈ ಅನ್ನಬೇಕು, ಫೈಲು ಕೆಳಗೆ ಹೋಗಬೇಕು. ಅಂತಿಮ ಬಿಲ್ಲಿಗೆ ಮೂರು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು, ತಡವಾಗಿ ಆಸ್ಪತ್ರೆ ಹೆಚ್ಚು ದುಡ್ಡು ಕೇಳಿದರೆ ಅದನ್ನು ವಿಮಾ ಕಂಪನಿಯೇ ತೆರಬೇಕು ಎಂದು 2024ರ ಅದೇ ಸುತ್ತೋಲೆ ಹೇಳುತ್ತದೆ. ಅತ್ತೆ ಗಡಿಯಾರ ನೋಡಿಕೊಂಡು ಕುಳಿತರು. ಮೂರು ಗಂಟೆ ಆದ ಮೇಲೆ ನನ್ನನ್ನು ಕೌಂಟರಿಗೆ ಅಟ್ಟಿದರು. ಗಂಟೆ ಎಣಿಸುವುದು ಆಸ್ಪತ್ರೆಯಿಂದ ಕೋರಿಕೆ ಹೋಗಿ ಅವರ ಕೈ ಮುಟ್ಟಿದ ಮೇಲೆ, ಕೋರಿಕೆ ಇನ್ನೂ ಹೋಗಿಲ್ಲ ಎಂದು ಕೌಂಟರಿನವರು ತಿಳಿಸಿದರು. ಮಧ್ಯಾಹ್ನದ ಊಟ ಆಸ್ಪತ್ರೆಯಲ್ಲೇ ಆಯಿತು. ಸಂಜೆ ನೋಡಲು ಬಂದ ನೆಂಟರು, ಅತ್ತೆ ಸೀರೆಯುಟ್ಟು ಹೂವು ಮುಡಿದು ಮಂಚದ ಮೇಲೆ ಕುಳಿತಿದ್ದನ್ನು ನೋಡಿ ಎಷ್ಟು ಬೇಗ ಚೇತರಿಸಿಕೊಂಡಿರಿ ಎಂದು ಬೆರಗಾದರು. ಸೇಬು ಕೊಟ್ಟರು. ತಮ್ಮ ಷಡ್ಡಕನಿಗೆ ಇದೇ ಆಪರೇಷನ್ ಇನ್ನೂ ಕಡಿಮೆಯಲ್ಲಿ ಆಯಿತು ಎಂದೂ ಹೇಳಿದರು. ಮಂಜೂರಾತಿ ಬಂದಾಗ ಲಿಫ್ಟಿನ ಹತ್ತಿರದ ದೀಪಗಳನ್ನು ಆರಿಸುತ್ತಿದ್ದರು. ಕಡಿತದ ವಿವರವನ್ನು ಅತ್ತೆ ಕ್ಯಾಬಿನ ಬೆಳಕಿನಲ್ಲೇ ಕೂಡಿ ನೋಡಿ, ಅದರಲ್ಲಿ 90 ರೂಪಾಯಿ ತಪ್ಪು ಹುಡುಕಿದರು. ಆ 90 ರೂಪಾಯಿಗೆ ಬರೆದ ಪತ್ರಕ್ಕೆ ಉತ್ತರ ಪರಿಶೀಲನೆಯಲ್ಲಿದೆ.

ಮೊನ್ನೆ ರಿವ್ಯೂಗೆ ಕರೆದುಕೊಂಡು ಹೋಗಿದ್ದೆ. ಬಲ ಮಂಡಿ ಸೊಗಸಾಗಿ ಮಡಚುತ್ತಿದೆ. ಸರ್ಜನ್ನರು ಎಡಗಾಲನ್ನೂ ಒಮ್ಮೆ ಎತ್ತಿ ಇಳಿಸಿ, ಎಕ್ಸ್-ರೇ ಬೆಳಕಿಗೆ ಹಿಡಿದು, "ಇದೂ ಅರ್ಜೆಂಟೇನಿಲ್ಲ..." ಎಂದು ರಾಗ ತೆಗೆದರು. ಮಿಕ್ಕದ್ದನ್ನು ನಾವೇ ಪೂರ್ತಿ ಮಾಡಿಕೊಂಡೆವು. ಹೊರಗೆ ಅದೇ ಎಳೆ ಡಾಕ್ಟರು ಹೊಸ ಫೈಲು ತೆರೆದು, ಅದೇ ಅಕ್ಕರೆಯಿಂದ ಕೇಳಿದ: "ಎಡ ಮಂಡಿ ಎಷ್ಟು ದಿನದಿಂದ ನೋವಿದೆ ಅಮ್ಮಾ?"

ಅತ್ತೆ ಅವನಿಗೆ ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು: "ಪಾಲಿಸಿ ತಗೊಂಡು ಈಗೆಷ್ಟು ತಿಂಗಳಾಯ್ತೋ?"